ಮನೆಗೊಂದು ತುಂಡು ಸೌದೆ

ಕಡವಿನಕೊಪ್ಪಲಿನ ಹೊಳೆ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ಎರಡು ಅಂಕಣದ ಹೆಂಚಿನ ಮನೆ, ಮುಂದೊಂದು ಹೊಂಗೆ ಮರ, ಮರದ ಕೆಳಗೆ ಕೂರಲಿಕ್ಕೆ ಒಂದು ಕಲ್ಲು ಚಪ್ಪಡಿ, ಅಷ್ಟೆ.

ಅಲ್ಲಿದ್ದ ಸ್ವಾಮಿಗಳನ್ನು ಊರವರೆಲ್ಲ ಬುದ್ಧಿ ಅಂತ ಕರೆಯುತ್ತಿದ್ದರು. ಅವರದು ಮಾತು ಕಡಿಮೆ. ಆಡಿದ ನಾಲ್ಕು ಮಾತಿಗೆ ಯಾರಾದರೂ ಅರ್ಥ ಕೇಳಿದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದರು.

ಇಂಥವರಿಗೆ ಶಿಷ್ಯರು ಎಷ್ಟು ಜನ ಸಿಕ್ಕಾರು? ಗಟ್ಟಿಯಾಗಿ ನಿಂತವನು ಒಬ್ಬನೇ, ನಿಂಗರಾಜು. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡು ಮಠಕ್ಕೆ ಬಂದು ಬಿದ್ದವನು ಹನ್ನೆರಡು ವರ್ಷ ಅಂಗಳ ಗುಡಿಸಿದ. ನಡುವೆ ಪಟ್ಟಣದ ಕಾಲೇಜಿಗೆ ಹೋಗಿ ಬಿ.ಕಾಂ. ಕೂಡ ಮುಗಿಸಿದ. ಅಂಗಳ ಗುಡಿಸಿದ್ದಕ್ಕಿಂತ ಬಿ.ಕಾಂ. ಓದಿದ್ದೇ ಅವನ ತಲೆಯಲ್ಲಿ ಚೆನ್ನಾಗಿ ಕೂತಿತ್ತು ಅಂತ ಕಾಣುತ್ತದೆ.

ಒಂದು ಬೆಳಗ್ಗೆ ಅವನು ಬಂದು ಕಾಲಿಗೆ ಬಿದ್ದ. ಬುದ್ಧಿಯವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಬುದ್ಧಿ, ಒಂದು ಉದ್ಯಮ ಶುರು ಮಾಡ್ತಿದ್ದೀನಿ. ತಮ್ಮ ಆಶೀರ್ವಾದ ಬೇಕು."

"ಏನು ಉದ್ಯಮ?"

"ಸುಡುಗಾಡು ಬುದ್ಧಿ."

ಬೇರೆ ಯಾರಾದರೂ ಆಗಿದ್ದರೆ ಬಿಡ್ತು ಅನ್ನು ಅಂತ ಬೈಯುತ್ತಿದ್ದರು. ಬುದ್ಧಿಯವರು ಕಲ್ಲು ಆರಿಸುವುದನ್ನೂ ನಿಲ್ಲಿಸಲಿಲ್ಲ.

"ಊರಿಗೆ ಒಂದು ಇದೆಯಲ್ಲಯ್ಯಾ."

"ಅದೂ ಒಂದು ಸುಡುಗಾಡೇ ಬುದ್ಧಿ? ಮಳೆ ಬಂದ್ರೆ ಮೊಣಕಾಲುದ್ದ ಕೆಸರು. ತಲೆ ಮೇಲೆ ಸೂರಿಲ್ಲ. ಹೊಳೆ ಪಕ್ಕದ ನಮ್ಮ ಜಮೀನಲ್ಲಿ ನಾನು ಶೀಟು ಹಾಕಿಸ್ತೀನಿ. ಕಬ್ಬಿಣದ ಕಂಬಿ ಹಾಕಿ ಕಟ್ಟೆ ಕಟ್ಟಿಸ್ತೀನಿ. ಪಕ್ಕದಲ್ಲೇ ಒಣಗಿದ ಸೌದೆಯ ಡಿಪೋ. ಹೆಣ ತರೋಕೆ ಒಂದು ವ್ಯಾನು. ಸಾವಿನ ಮನೆಯೋರು ಯಾರ ಮುಂದೇನೂ ಕೈ ಚಾಚೋ ಹಾಗಿಲ್ಲ. ಎಲ್ಲಾ ಖಾಸಗಿ."

"ಖಾಸಗಿ ಅಂದ್ರೆ?"

ನಿಂಗರಾಜುವಿಗೆ ಹಿಗ್ಗೋ ಹಿಗ್ಗು. ಹನ್ನೆರಡು ವರ್ಷ ತಾನು ಕೇಳಿದ್ದೇ ಆಯಿತು, ಇವತ್ತು ಗುರುಗಳೇ ಕೇಳುತ್ತಿದ್ದಾರೆ. ಪಂಚೆ ಸರಿಮಾಡಿಕೊಂಡು ಕೂತ.

"ಅರ್ಥಶಾಸ್ತ್ರದಲ್ಲಿ ಹೇಳ್ತಾರೆ ಬುದ್ಧಿ. ಸರ್ಕಾರದ್ದೂ ಅಲ್ಲ, ಊರೊಟ್ಟಿನದೂ ಅಲ್ಲ. ಒಬ್ಬನೋ ನಾಲ್ಕು ಜನವೋ ಸ್ವಂತ ಬಂಡವಾಳ ಹಾಕಿ ನಡೆಸೋ ಉದ್ಯಮ. ಹೇಗೆ ನಡೆಸಬೇಕು ಅನ್ನೋದು ಒಡೆಯನಿಗೆ ಬಿಟ್ಟಿದ್ದು. ಲಾಭ ಬಂದ್ರೂ ಅವನದೇ, ನಷ್ಟ ಬಂದ್ರೂ ಅವನದೇ."

"ನಷ್ಟಾನೂ?"

"ನಷ್ಟಾನೂ."

"ಅವನೊಬ್ಬನದೇ?"

"ಅವನೊಬ್ಬನದೇ ಬುದ್ಧಿ. ಬೇರೆಯವರಿಗೆ ಯಾಕೆ ಬರುತ್ತೆ?"

ಬುದ್ಧಿಯವರಿಗೆ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು ನೋಡಿ ಅಂಗಳಕ್ಕೆ ಎಸೆದರು.

"ಹಾಗಾದ್ರೆ ಬೋರ್ಡು ಬರೆಸು" ಅಂದರು.

ಈ ನಿಂಗರಾಜು ದುಡ್ಡಿನ ಆಸೆಗೆ ಸುಡುಗಾಡು ಹಿಡಿದ ಅಂತ ಯಾರೂ ತಿಳಿಯಬಾರದು. ಅವನ ಹೊಟ್ಟೆಯಲ್ಲಿದ್ದ ಉರಿಯೇ ಬೇರೆ.

ಕಡವಿನಕೊಪ್ಪಲಿನಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದು ಬಂದಿತ್ತು. ಯಾರ ಮನೆಯಲ್ಲಿ ಸಾವಾದರೂ ಉಳಿದ ಮನೆಗಳಿಂದ ಒಬ್ಬೊಬ್ಬರು ಒಂದೊಂದು ತುಂಡು ಸೌದೆ ಹೆಗಲ ಮೇಲಿಟ್ಟುಕೊಂಡು ಸುಡುಗಾಡಿಗೆ ಬರಬೇಕು. ತಂದದ್ದನ್ನು ತಮ್ಮ ಕೈಯಾರೆ ಚಿತೆಗೆ ಇಡಬೇಕು. ಬರಿಗೈಯಲ್ಲಿ ಯಾರೂ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಬಂದವರು ಹೆಚ್ಚು ಮಾತಾಡುತ್ತಲೂ ಇರಲಿಲ್ಲ. ಅಂಥ ಹೊತ್ತಲ್ಲಿ ಆಡುವ ಮಾತಾದರೂ ಏನಿರುತ್ತದೆ?

ನಿಂಗರಾಜುವಿನ ಅಪ್ಪ ಮರಿಯಯ್ಯ ದೊಡ್ಡ ಜಗಳಗಂಟ. ಅವನ ಬಾಯಿಗೆ ಸಿಗದ ಮನೆ ಊರಲ್ಲಿ ಇರಲಿಲ್ಲ. ಬದುವಿನ ಜಗಳದಲ್ಲಿ ಪಕ್ಕದ ಹೊಲದ ಬೋರಣ್ಣನ ಮುಂದಿನ ಹಲ್ಲೇ ಮುರಿದಿದ್ದ. ಅಂಥ ಮನುಷ್ಯ ಆಷಾಢದ ಜಡಿಮಳೆಯಲ್ಲಿ ಸತ್ತ.

ಅವರ ಮನೆ ಬಿಟ್ಟು ಊರಲ್ಲಿ ಎಂಬತ್ತು ಮನೆ. ಚಿತೆಗೆ ಬಂದದ್ದು ಏಳು ತುಂಡು. ಅದರಲ್ಲಿ ಆರು ಹಸಿ. ಗೋಣಿ ಕೊಪ್ಪೆ ಹೊದ್ದು ಬಂದ ಆ ಏಳು ಜನ ಯಾರು ಅಂತ ನಿಂಗರಾಜು ಮುಖ ಎತ್ತಿ ನೋಡಲೂ ಇಲ್ಲ, ಬಾರದವರನ್ನೇ ಎಣಿಸುತ್ತಿದ್ದ.

ಮನೆಯ ಒಲೆ ಸೌದೆ, ಮುರುಕು ಮಂಚ, ಎಲ್ಲ ಸೇರಿಸಿ ಬೆಂಕಿ ಇಟ್ಟರು. ಹೊಗೆ ಬಂತೇ ಹೊರತು ಉರಿ ಬರಲಿಲ್ಲ. ಮಾರನೇ ಬೆಳಗ್ಗೆ ನಿಂಗರಾಜು ಒಬ್ಬನೇ ಅಲ್ಲಿಗೆ ಹೋದ. ಅಲ್ಲಿ ಕಂಡದ್ದನ್ನು ಬುದ್ಧಿಯವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವನಿಗೆ ಊರಿನವರ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಎಪ್ಪತ್ಮೂರು ಮನೆಯೋರು ಬರಲಿಲ್ಲ ಬುದ್ಧಿ" ಅನ್ನುತ್ತಿದ್ದ. ಹನ್ನೆರಡು ವರ್ಷದಲ್ಲಿ ನೂರು ಸಲ ಅಂದಿದ್ದ.

ಬುದ್ಧಿಯವರು ಒಂದು ಸಲವೂ ಅದಕ್ಕೆ ಉತ್ತರ ಕೊಡಲಿಲ್ಲ.

ಇನ್ನು ಅವನಿಗೆ ಉಳಿದದ್ದು ತಾಯಿ ಸಾಕಮ್ಮ ಒಬ್ಬಳೇ. ಮದುವೆ ಆಗಿರಲಿಲ್ಲ, ಸುಡುಗಾಡು ನಡೆಸುತ್ತೇನೆ ಅನ್ನುವವನಿಗೆ ಹೆಣ್ಣು ಕೊಡುವ ಧೈರ್ಯ ಯಾರಿಗಿದೆ? ಅವ್ವನಿಗೆ ಮಾತ್ರ ಅಪ್ಪನ ಗತಿ ಬರಬಾರದು, ಇದೊಂದೇ ಅವನ ಜೀವದ ಹಟ. ಶೀಟು, ಕಂಬಿ, ಡಿಪೋ, ವ್ಯಾನು ಎಲ್ಲವೂ ಆ ಹಟದಿಂದಲೇ ಎದ್ದು ನಿಂತವು.

ಗೇಟಿನ ಮೇಲೆ ಬೋರ್ಡು ಬಂತು: ಮುಕ್ತಿಧಾಮ (ಖಾಸಗಿ).

ಬಾಗಿಲು ತೆರೆದ ದಿನ ಬುದ್ಧಿಯವರು ಬಂದರು. ಹೆಗಲ ಮೇಲೆ ಒಂದು ಹುಣಸೆ ತುಂಡು ಹೊತ್ತಿದ್ದರು.

"ಇದು ನಂದು. ಇಲ್ಲಿರಲಿ."

"ಯಾರಿಗೆ ಬುದ್ಧಿ?"

"ಯಾರಿಗಾದ್ರೂ. ಬೇಕಾದಾಗ ನಾನೇ ಬಂದು ಇಡ್ತೀನಿ."

ನಿಂಗರಾಜು ಭಕ್ತಿಯಿಂದ ತೆಗೆದುಕೊಂಡು ಡಿಪೋದ ಮೂಲೆಯಲ್ಲಿ ನಿಲ್ಲಿಸಿದ. ನಾಲ್ಕು ದಿನ ಅದಕ್ಕೆ ಕುಂಕುಮವನ್ನೂ ಇಟ್ಟ. ಆಮೇಲೆ ಮರೆತ.

ಅವನ ಕೆಲಸದಲ್ಲಿ ಮಾತ್ರ ಬೆರಳಿಟ್ಟು ತೋರಿಸುವಂಥ ಐಬು ಇರಲಿಲ್ಲ. ಸೌದೆ ಅಂದರೆ ಗಣಗಣ ಅನ್ನುವಂಥ ಒಣ ಸೌದೆ. ಎಂಥ ಮಳೆಯಲ್ಲೂ ಉರಿ ಆರುತ್ತಿರಲಿಲ್ಲ. ಬಡವರು ಬಂದರೆ ಏನೂ ಕೇಳುತ್ತಿರಲಿಲ್ಲ. ಸುತ್ತ ಹತ್ತು ಊರಿನವರು ಅವನ ಹೆಸರು ಹೇಳುವಂತಾಯಿತು.

ಎರಡನೇ ವರ್ಷ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ಒಬ್ಬ ಆಳು ಸತ್ತ. ಎಲ್ಲಿಂದ ಬಂದವನೋ, ಹೆಸರೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಊರೊಟ್ಟಿನ ಸುಡುಗಾಡಿನಲ್ಲಿ ಬೇಡ ಅಂತ ನಾಲ್ಕು ಜನ ಹಿರಿಯರು ಗೊಣಗಿದರು. ನಿಂಗರಾಜು ತಾನೇ ವ್ಯಾನು ತಗೊಂಡು ಹೋಗಿ ಹೆಣ ತಂದ. ಸ್ನಾನ ಮಾಡಿಸಿ, ಹೊಸ ಬಟ್ಟೆ ಹೊದಿಸಿ ಬೆಂಕಿ ಇಡಲು ನಿಂತ.

ಬುದ್ಧಿಯವರು ಬಂದರು.

"ಇವತ್ತು ಅಂಗಳ ಚೆನ್ನಾಗಿ ಗುಡಿಸಿದ್ದೀಯ ಕಣಯ್ಯಾ" ಅಂದರು. ನಿಂಗರಾಜುವಿನ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷ ನಿಜವಾಗಿ ಗುಡಿಸಿದಾಗ ಸಿಗದಿದ್ದ ಮಾತು ಅದು.

"ನನ್ನ ತುಂಡು ಕೊಡು, ಇಡ್ತೀನಿ."

ನಿಂಗರಾಜು ಮೂಲೆ ನೋಡಿದ.

"ಬುದ್ಧಿ, ಹೋದ ತಿಂಗಳು ಒಂದೇ ದಿನ ಎರಡು ಬಂದ್ವು. ಸೌದೆ ಸಾಲಲಿಲ್ಲ. ಅದನ್ನೂ ಹಾಕಿಬಿಟ್ಟೆ. ತಪ್ಪಾಯ್ತು. ಅದರ ಬದಲಿಗೆ ಇದು ತಗೊಳ್ಳಿ. ಅದಕ್ಕಿಂತ ದಪ್ಪ ಇದೆ, ಚೆನ್ನಾಗಿ ಒಣಗಿದೆ."

"ಇದು ಯಾರದು?"

"ನಂದೇ ಬುದ್ಧಿ. ತಮಗೆ ಕೊಟ್ಟೆ ಅಂದ್ಕೊಳ್ಳಿ."

"ನಿಂದನ್ನ ನೀನು ಇಟ್ಟಿದ್ದೀಯಲ್ಲ."

ಬುದ್ಧಿಯವರು ಹಿಂತಿರುಗಿ ನಡೆದರು. ಮಠ ಅಲ್ಲಿಂದ ಎರಡು ಮೈಲಿ. ಅಷ್ಟು ದೂರ ಹೋಗಿ, ಹೊಂಗೆಯ ಒಣ ಕೊಂಬೆ ಮುರಿದುಕೊಂಡು ಮತ್ತೆ ಬಂದರು. ನಿಂಗರಾಜು ಕಾಯದೆ ಬೆಂಕಿ ಇಟ್ಟಿದ್ದ, ಅಷ್ಟು ಹೊತ್ತಿಗೆ ಉರಿ ಇಳಿದು ಕೆಂಡವಾಗಿತ್ತು. ಕೆಂಡದ ಮೇಲೇ ಕೊಂಬೆ ಇಟ್ಟು ಕೈ ಮುಗಿದು ಹೋದರು.

ವಯಸ್ಸಾಯಿತು ಪಾಪ, ಅಂದುಕೊಂಡ ನಿಂಗರಾಜು. ಒಂದು ತುಂಡಿಗೆ ಇಷ್ಟು ಪಾಡೇ?

ಇನ್ನೊಂದು ತಾಪತ್ರಯ ಇತ್ತು. ಊರಿನವರು ಹಳೆಯ ಚಾಳಿ ಬಿಡಲಿಲ್ಲ. ಹೆಣ ಮುಕ್ತಿಧಾಮಕ್ಕೆ ಬಂದರೂ ಅವರು ಹೆಗಲ ಮೇಲೆ ಒಂದೊಂದು ತುಂಡು ಹೊತ್ತು ಬರುತ್ತಲೇ ಇದ್ದರು. ಅದರಲ್ಲಿ ಅರ್ಧ ಹಸಿ. ಕೆಲವು ಹಳೇ ಬಾಗಿಲು, ಮೊಳೆ ಕೂಡ ಕಿತ್ತಿರುತ್ತಿರಲಿಲ್ಲ. ಹೊಗೆ ಎದ್ದು ಶೀಟೆಲ್ಲ ಮಸಿ. ನೀಟಾಗಿ ಜೋಡಿಸಿದ ಚಿತೆ ಕೆಟ್ಟು ಕೂರುತ್ತಿತ್ತು.

ನಿಂಗರಾಜು ಇನ್ನೊಂದು ಬೋರ್ಡು ಬರೆಸಿದ. ಸಿನಿಮಾ ಟಾಕೀಸಿನಲ್ಲಿ ಹೊರಗಿನ ತಿಂಡಿ ತರಬಾರದು ಅಂತ ಬರೆಸಿರುತ್ತಾರಲ್ಲ, ಅದೇ ಥರ. "ಹೊರಗಿನ ಸೌದೆ ತರಬಾರದು."

ಆ ಬೋರ್ಡು ಹಾಕಿದ ಮೇಲೆ ಮೊದಲು ಬಂದವನು ಬೋರಣ್ಣ. ಯಾರದೋ ಸಾವಿಗೆ ಜಾಲಿ ತುಂಡು ಹೊತ್ತು ಬಂದಿದ್ದ. ಎಪ್ಪತ್ತರ ಹತ್ತಿರದ ಮುದುಕ, ಹೆಗಲು ಕೆಂಪಾಗಿತ್ತು.

"ಅದನ್ನ ಒಳಕ್ಕೆ ಬಿಡಲ್ಲ ಬೋರಣ್ಣ. ಬೋರ್ಡು ನೋಡಲಿಲ್ವಾ?"

"ನಂಗೆ ಓದಕ್ಕೆ ಬರಕಿಲ್ಲ ಕಣಪ್ಪ. ಏನಂತ ಐತೆ?"

"ಹೊರಗಿನ ಸೌದೆ ತರಬಾರದು ಅಂತ."

"ಇದು ಹೊರಗಿಂದಲ್ವಲ್ಲಪ್ಪ, ನಮ್ಮನೇದು."

"ಅಯ್ಯೋ, ನಿಮಗೆ ಹೇಗೆ ಹೇಳೋದು? ಒಳಗೆ ಎಲ್ಲಾ ವ್ಯವಸ್ಥೆ ಇದೆ. ನೀವು ಸುಮ್ಮನೆ ಬಂದು ನಿಂತ್ಕೊಳ್ಳಿ ಸಾಕು."

ಬೋರಣ್ಣ ತುಂಡನ್ನು ಬೇಲಿಗೆ ಒರಗಿಸಿದ. ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡ. ಒಂದು ಹೆಜ್ಜೆ ಮುಂದೆ ಇಟ್ಟವನು ಯಾಕೋ ತನ್ನ ಕೈ ನೋಡಿಕೊಂಡು ನಿಂತ. ಆಮೇಲೆ ಒಳಗೆ ಬಾರದೆ ಊರ ಕಡೆ ಹೊರಟುಹೋದ.

ನಿಂಗರಾಜು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿಯಾಯಿತು. ಅಪ್ಪನ ಶತ್ರು, ಹೋದರೆ ಹೋಗಲಿ.

ಮುಂದಿನ ಸಾವಿಗೆ ಹತ್ತು ಜನ ಕಡಿಮೆಯಾದರು. ಅದರ ಮುಂದಿನದಕ್ಕೆ ಇನ್ನೂ ಹತ್ತು. ಸಾವಿನ ಮನೆಯ ಬಾಗಿಲವರೆಗೂ ಬಂದು, "ಎಲ್ಲಾ ವ್ಯವಸ್ಥೆ ಆಗಿದೆಯಲ್ಲ?" ಅಂತ ಕೇಳುವುದು, ಆಗಿದೆ ಅಂದರೆ ಸ್ವಲ್ಪ ಹೊತ್ತು ನಿಂತು ಮನೆಗೆ ಹೋಗುವುದು. ಇದೇ ರೂಢಿಯಾಯಿತು. ಊರೊಟ್ಟಿನ ಸುಡುಗಾಡಿಗೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಿತು.

ನಿಂಗರಾಜು ಇದನ್ನು ಮಠದಲ್ಲಿ ಹೆಮ್ಮೆಯಿಂದ ಹೇಳಿದ.

"ಮೊದಲು ಒಂದು ಸಾವಾದ್ರೆ ಊರಿಗೆ ಊರೇ ಅರ್ಧ ದಿನ ಕೆಲಸ ಬಿಟ್ಟು ಬರಬೇಕಾಗಿತ್ತು. ಈಗ ಯಾರಿಗೂ ತೊಂದರೆ ಇಲ್ಲ ಬುದ್ಧಿ."

"ಯಾರಿಗೂ ತೊಂದರೆ ಇಲ್ಲ" ಅಂದರು ಬುದ್ಧಿಯವರು.

ಆ ದಿನ ಅವರು ಊಟ ಮಾಡಲಿಲ್ಲ. ಹೊಟ್ಟೆ ಸರಿ ಇಲ್ಲವೇನೋ ಅಂದುಕೊಂಡು ನಿಂಗರಾಜು ಶುಂಠಿ ಕಷಾಯ ಮಾಡಿಕೊಟ್ಟ. ಅದನ್ನೂ ಕುಡಿಯಲಿಲ್ಲ.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಸಾಕಮ್ಮ ಹಾಸಿಗೆ ಹಿಡಿದಳು. ಡಾಕ್ಟರು ಬಂದು ನೋಡಿ, ಮಗನನ್ನು ಹೊರಗೆ ಕರೆದು ತಲೆ ಆಡಿಸಿದರು.

ನಿಂಗರಾಜು ಅವ್ವನ ಪಕ್ಕ ಕೂತ. ಅವಳ ಕೈ ಹಿಡಿದುಕೊಂಡರೆ ಮೂಳೆಯೇ ಸಿಗುತ್ತಿತ್ತು.

"ಅವ್ವ, ನಿಂಗೆ ಏನು ಆಸೆ ಇದೆ ಹೇಳು."

"ಏನೂ ಇಲ್ಲ ಕಣ್ಲಾ ಮಗ."

"ಏನಾದ್ರೂ ಕೇಳವ್ವ."

ಸಾಕಮ್ಮ ಮಗನ ಕಡೆ ಹೊರಳಿದಳು.

"ನಿಮ್ಮಪ್ಪಂಗೆ ಆಯ್ತಲ್ಲ, ನಂಗೂ ಹಂಗೇ ಆದ್ರೆ ಸಾಕು."

ಈ ಹೆಂಗಸಿನ ಜನ್ಮವೆಲ್ಲ ಇಷ್ಟೇ, ಸಾಯುವಾಗಲೂ ಒಳ್ಳೆಯದನ್ನು ಕೇಳಲು ಬಾಯಿ ಬರುವುದಿಲ್ಲ!

"ಬಿಡ್ತು ಅನ್ನವ್ವ! ನಾನಿರುವಾಗ ಅಪ್ಪನ ಗತಿ ನಿಂಗೆ ಬರುತ್ತಾ? ಬಾ, ತೋರಿಸ್ತೀನಿ."

ಅವಳನ್ನು ಮಗುವಿನಂತೆ ಎತ್ತಿಕೊಂಡು ವ್ಯಾನಿನಲ್ಲಿ ಕೂರಿಸಿ ಮುಕ್ತಿಧಾಮಕ್ಕೆ ಕರೆತಂದ. ಡಿಪೋದ ಹಿಂದೆ ಟಾರ್ಪಾಲಿನ ಕೆಳಗೆ ಎರಡು ವರ್ಷದಿಂದ ಅವನು ಬೇರೆ ತೆಗೆದಿಟ್ಟಿದ್ದ ಸೌದೆ ಇತ್ತು. ಮಾವು, ಹುಣಸೆ, ಒಂದಿಷ್ಟು ಗಂಧದ ಚಕ್ಕೆ. ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಟಾರ್ಪಾಲು ಸರಿಸಿದ.

"ನೋಡವ್ವ, ಎಲ್ಲಾ ನಿಂಗೇ."

ಸಾಕಮ್ಮ ನೋಡಿದಳು.

"ಇದೆಲ್ಲ ಯಾರದ್ಲಾ?"

"ನಮ್ಮದೇ ಅವ್ವ."

"ಎಲ್ಲಾ ನಮ್ದೇನಾ?"

"ಎಲ್ಲಾ ನಮ್ದೇ. ಒಂದು ಕಡ್ಡೀನೂ ಇನ್ನೊಬ್ಬರದಲ್ಲ."

ಮನೆಗೆ ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಗಂಜಿ ಕುಡಿಸಲು ಹೋದರೆ ತುಟಿ ಬಿಗಿಹಿಡಿದಳು.

ನಿಂಗರಾಜುವಿಗೆ ತಡೆಯಲಾಗಲಿಲ್ಲ. ಮಠಕ್ಕೆ ಹೋಗಿ ಎಲ್ಲವನ್ನೂ ಹೇಳಿ ಅತ್ತ.

"ಅಪ್ಪನಿಗೆ ಆದ ಹಾಗೇ ಆದ್ರೆ ಸಾಕಂತೆ ಬುದ್ಧಿ. ಏಳು ತುಂಡು, ಅದೂ ಹಸಿ. ಆಸೆ ಪಡೋದೂ ಗೊತ್ತಿಲ್ಲ ಅವಳಿಗೆ."

ಬುದ್ಧಿಯವರು ಕಲ್ಲು ಚಪ್ಪಡಿಯ ಮೇಲೆ ಬಿದ್ದಿದ್ದ ಹೊಂಗೆ ಎಲೆಗಳನ್ನು ಒಂದೊಂದಾಗಿ ಆರಿಸಿದರು. ಏಳು ಎಲೆ ಸಾಲಾಗಿ ಇಟ್ಟರು.

"ಭಾರಿ ಆಸೆ ಅದು. ತೀರಿಸೋಕೆ ನಿನ್ನ ಕೈಲಿ ಆಗುತ್ತಾ?"

"ಏಳಲ್ಲ ಬುದ್ಧಿ, ಎಪ್ಪತ್ತು ಇಟ್ಟಿದ್ದೀನಿ!"

ಗಾಳಿ ಬಂತು. ಎಲೆಗಳು ಹಾರಿಹೋದವು. ಬುದ್ಧಿಯವರು ಎದ್ದು ಗಿಡಕ್ಕೆ ನೀರು ಹಾಕಲು ಹೋದರು.

ಅದಾದ ಮೂರನೇ ದಿನ ಮಧ್ಯಾಹ್ನ ಸಾಕಮ್ಮ ಹೋಗಿಬಿಟ್ಟಳು. ಮಗ ನೀರು ತರಲು ಒಳಗೆ ಹೋಗಿದ್ದ, ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಸುದ್ದಿ ಕೇಳಿ ಊರಿನ ಹೆಂಗಸರು ಬಂದು ಅತ್ತರು. ಗಂಡಸರು ಬೀದಿಯಲ್ಲಿ ನಿಂತರು. ಅವರಲ್ಲಿ ಒಬ್ಬ ಮುಂದೆ ಬಂದು, "ಎಲ್ಲಾ ವ್ಯವಸ್ಥೆ..." ಅಂದವನು ಅಲ್ಲಿಗೇ ನಿಲ್ಲಿಸಿದ. ನಿಂಗರಾಜುವಿನ ಮನೆಯಲ್ಲಿ ಆ ಮಾತು ಕೇಳುವುದೇನು? ವ್ಯವಸ್ಥೆ ಅಂದರೆ ಅವನೇ ಅಲ್ಲವೆ? ಮೆಲ್ಲಗೆ ಒಬ್ಬೊಬ್ಬರೇ ಚದುರಿದರು.

ನಿಂಗರಾಜು ಅವ್ವನನ್ನು ವ್ಯಾನಿನಲ್ಲಿ ತಂದ. ಚಿತೆಯನ್ನು ತಾನೇ ಜೋಡಿಸಿದ. ಕೆಳಗೆ ಹುಣಸೆ, ಮೇಲೆ ಮಾವು, ನಡುನಡುವೆ ಗಂಧದ ಚಕ್ಕೆ. ಅಂಥ ಚಿತೆ ಆ ಸೀಮೆಯಲ್ಲಿ ಯಾರಿಗೂ ಆಗಿರಲಿಲ್ಲ.

ಎಲ್ಲ ಮುಗಿಸಿ ಗೇಟಿನ ಕಡೆ ನೋಡಿದ. ಯಾರೂ ಇರಲಿಲ್ಲ.

ಬರುತ್ತಾರೆ, ಅಂದುಕೊಂಡ. ತಾನು ಈ ಊರಿಗೆ ಎಷ್ಟು ಮಾಡಿದ್ದೇನೆ. ನಾಲ್ಕು ವರ್ಷದಲ್ಲಿ ಎಷ್ಟು ಮನೆಯ ಹೆಣಕ್ಕೆ ಹೆಗಲು ಕೊಟ್ಟಿದ್ದೇನೆ. ಬಾರದೆ ಇರುತ್ತಾರೆಯೇ?

ಹೊತ್ತು ಇಳಿಯಿತು. ವ್ಯಾನಿನ ಡ್ರೈವರು ಎರಡು ಸಲ ಬಂದು, "ಅಣ್ಣ, ತಡ ಆಗ್ತಾ ಇದೆ" ಅಂದ. ಇನ್ನು ಸ್ವಲ್ಪ ಇರು ಅಂತ ನಿಂಗರಾಜು ಅವನನ್ನು ಹಿಂದಕ್ಕೆ ಕಳಿಸಿದ.

ಕೊನೆಗೆ ಗೇಟಿನ ಹೊರಗೆ ಒಂದು ಆಕೃತಿ ಕಂಡಿತು. ಬೋರಣ್ಣ. ರಸ್ತೆಯ ಆಚೆ ಬದಿ ಕೋಲೂರಿಕೊಂಡು ನಿಂತಿದ್ದ.

ನಿಂಗರಾಜು ಓಡಿದ. ಹೌದು, ಅಪ್ಪನ ಶತ್ರುವಿನ ಕಡೆಗೇ ಓಡಿದ.

"ಬನ್ನಿ ಬೋರಣ್ಣ, ಒಳಗೆ ಬನ್ನಿ."

"ಸಾಕಕ್ಕನ್ನ ನೋಡವಾ ಅಂತ ಬಂದೆ ಕಣಪ್ಪ. ಬತ್ತಾ ಬತ್ತಾ ಗ್ಯಾಪಕ ಆಯ್ತು."

"ಏನು?"

"ಬರಿಗೈಲಿ ಇವ್ನಿ."

"ಪರವಾಗಿಲ್ಲ, ಬನ್ನಿ! ಸೌದೆ ಬೇಕಾದಷ್ಟಿದೆ."

"ಬೇಕಾದಷ್ಟು ಐತೆ ಅಂತ ಗೊತ್ತಪ್ಪ" ಅಂದ ಬೋರಣ್ಣ. "ಬರಿಗೈಲಿ ಹೆಂಗಪ್ಪ ಬರದು? ನಿಮ್ಮವ್ವನ ಮುಂದೆ ಏನಂತ ನಿಂತ್ಕಳದು?"

ಅವನಿಗೆ ಅಳು ಬಂತು. ಟವೆಲು ಬಾಯಿಗೆ ಒತ್ತಿಕೊಂಡು ಕೋಲೂರುತ್ತ ಹೊರಟುಹೋದ. ಗೇಟಿನ ಪಕ್ಕ, ಬೇಲಿಯ ಬುಡದಲ್ಲಿ, ಎರಡು ವರ್ಷದ ಹಿಂದೆ ಅವನು ಒರಗಿಸಿದ್ದ ಜಾಲಿ ತುಂಡು ಗೆದ್ದಲು ಹಿಡಿದು ಬಿದ್ದಿತ್ತು. ಅದನ್ನು ಇಬ್ಬರೂ ನೋಡಲಿಲ್ಲ.

ನಿಂಗರಾಜು ಗೇಟು ಹಿಡಿದುಕೊಂಡು ನಿಂತೇ ಇದ್ದ. ಸೂರ್ಯ ಹೊಳೆಯಾಚೆ ಇಳಿಯುವ ಹೊತ್ತಿಗೆ ಬುದ್ಧಿಯವರು ಬಂದರು. ಏದುಸಿರು ಬಿಡುತ್ತಿದ್ದರು. ಹೆಗಲ ಮೇಲೆ ಈಗ ತಾನೇ ಕಡಿದ ಹೊಂಗೆ ತುಂಡು. ಅದರ ರಸ ಇಳಿದು ಕಾವಿ ಬಟ್ಟೆಯೆಲ್ಲ ಕಲೆಯಾಗಿತ್ತು.

ಗೇಟಿನ ಹತ್ತಿರ ಬಂದವರು ನಿಂತು ಬೋರ್ಡು ಓದಿದರು.

"ನಿಮಗೆ ಯಾವ ಬೋರ್ಡು ಬುದ್ಧಿ, ಬನ್ನಿ" ಅಂದ ನಿಂಗರಾಜು.

ಬುದ್ಧಿಯವರು ಒಳಗೆ ಬಂದು ಸಾಕಮ್ಮನ ಕಾಲ ಬಳಿ ತುಂಡು ಇಟ್ಟರು. ನಿಂಗರಾಜು ಬೆಂಕಿ ಕೊಟ್ಟ. ಒಣ ಸೌದೆ ತಕ್ಷಣ ಹತ್ತಿಕೊಂಡಿತು. ಹೊಗೆ ಬಂದದ್ದು ಗುರುಗಳ ಆ ಒಂದು ಹಸಿ ತುಂಡಿನಿಂದ ಮಾತ್ರ.

ಶಿಷ್ಯ ಗುರು ಇಬ್ಬರೇ ನಿಂತು ನೋಡಿದರು.

"ನಿಮ್ಮವ್ವ ಪ್ರತಿ ವರ್ಷ ನಿಮ್ಮಪ್ಪನ ದಿನ ಮಠಕ್ಕೆ ಬರೋಳು" ಅಂದರು ಬುದ್ಧಿಯವರು. "ಏಳು ಹೆಸರು ಹೇಳಿ ಏಳು ದೀಪ ಹಚ್ಚೋಳು."

"ಯಾರ ಹೆಸರು?"

"ಅವತ್ತು ಮಳೇಲಿ ನೆನೆದು ಬಂದೋರದು. ಮೊದಲನೇ ದೀಪ ಬೋರಣ್ಣನಿಗೆ."

ನಿಂಗರಾಜು ಬೆಂಕಿಯಿಂದ ಕಣ್ಣು ಕಿತ್ತು ಗುರುಗಳ ಮುಖ ನೋಡಿದ.

"ಬೋರಣ್ಣನಾ? ಅಪ್ಪನ ಜೊತೆ ಹೊಡೆದಾಡಿದವನು?"

"ಆರು ಹಸಿ, ಒಂದು ಒಣ ಅಂತಿದ್ದೆಯಲ್ಲ. ಆ ಒಣಗಿದ್ದು ಅವನದು. ಊರಲ್ಲಿ ಎಲ್ಲೂ ಒಣ ಸೌದೆ ಇರಲಿಲ್ಲ ಅಂತ ಕೊಟ್ಟಿಗೆ ಕಂಬ ಕಿತ್ಕೊಂಡು ಬಂದಿದ್ದ. ಆ ಮಳೆಗಾಲ ಪೂರ್ತಿ ಅವನ ದನ ನೆನೆದವು."

"ನಂಗೆ ಯಾಕೆ ಹೇಳಲಿಲ್ಲ ಬುದ್ಧಿ? ಹನ್ನೆರಡು ವರ್ಷ ನಿಮ್ಮ ಕಾಲ ಬುಡದಲ್ಲೇ ಇದ್ದೆನಲ್ಲ!"

"ನೀನು ಎಪ್ಪತ್ಮೂರನ್ನ ಎಣಿಸ್ತಿದ್ದೆ. ಮಧ್ಯೆ ಯಾಕೆ ಬಾಯಿ ಹಾಕೋದು ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪೂ ಇರಬಹುದು."

ನಿಂಗರಾಜು ಅಲ್ಲೇ ನೆಲದ ಮೇಲೆ ಕುಸಿದ. ಕಣ್ಣಲ್ಲಿ ನೀರು ಸುರಿಯಿತು. ಹೊಗೆಗೆ ಬಂತು ಅನ್ನೋಣ ಅಂದರೆ ಅಷ್ಟು ಹೊಗೆಯೂ ಇರಲಿಲ್ಲ.

"ಏಳು ಕೇಳಿದ್ಲು ಬುದ್ಧಿ. ಅಷ್ಟೇ ಕೇಳಿದ್ಲು. ನಾನು ಗೇಟು ಹಾಕ್ಕೊಂಡು ಕೂತೆ. ನನ್ನ ಜಾಗ, ನನ್ನ ಸೌದೆ, ನನ್ನ ಬೋರ್ಡು. ಯಾರನ್ನೂ ಬೈಯೋ ಹಾಗಿಲ್ಲ. ಈ ನಷ್ಟ ನಂದು, ನನ್ನೊಬ್ಬನದೇ."

ಬುದ್ಧಿಯವರು ಊರಿನ ಕಡೆ ನೋಡಿದರು. ಮನೆಗಳ ಜಗಲಿಯ ಮೇಲೆ ಅಲ್ಲಲ್ಲಿ ಜನ ಕೂತಿರುವುದು ಮಸುಕಾಗಿ ಕಾಣುತ್ತಿತ್ತು. ಯಾರೂ ದೀಪ ಹಚ್ಚಿರಲಿಲ್ಲ.

"ಎಂಬತ್ತು ಮನೇಲೂ ಒಬ್ಬೊಬ್ಬರು ತಮ್ಮ ಬರಿಗೈ ನೋಡ್ಕೊಂಡು ಕೂತಿದ್ದಾರೆ. ಹೋಗು ನಿಂಗ, ನಷ್ಟ ನಿನ್ನೊಬ್ಬನದೇ ಅಂತ ಅವರಿಗೆ ಹೇಳಿ ಬಾ."